ಹಂಸದೋಣಿಯಲ್ಲಿ ತವರಿಗೆ

ದೋಣಿ ಹತ್ತುವಾಗ ಚಪ್ಪಲಿ ಬಿಡಬೇಕೋ ಬೇಡವೋ ಎಂಬುದು ನಿಮ್ಮನ್ನು ಕಾಡುವ ಪ್ರಶ್ನೆಯಲ್ಲದಿರಬಹುದು. ತೆಲಂಗಾಣದ ಜಹೀರಾಬಾದಿನ ಆಚೆ, ಕೆರೆಯ ದಡದ ನಮ್ಮ ಪುಟ್ಟ ಊರಿನಲ್ಲಿ ಅದು ನನ್ನನ್ನು ಕಾಡಿದೆ. ಈಗ ಇಲ್ಲಿ ಜಲವಿಹಾರವಿದೆ, ವಾಯುಸೇವನೆಗೆ ನುಣುಪಾದ ಹಾದಿಯಿದೆ, ಪೆಡಲು ತುಳಿಯುವ ಪ್ಲಾಸ್ಟಿಕ್ ಹಂಸಗಳಿವೆ, ಊರಿನ ಇತಿಹಾಸ ಸಾರುವ ತೆಲುಗು ಫಲಕವಿದೆ. ಕೆರೆಯನ್ನು ದೊಡ್ಡದು ಮಾಡಿದಾಗ ಅದರೊಳಗೆ ಮುಳುಗಿದ ಹಳೆಯ ಊರಿನ ಮಾತು ಮಾತ್ರ ಆ ಫಲಕದಲ್ಲಿಲ್ಲ.

ನಮ್ಮ ಅಜ್ಜನ ಮನೆ ಅಲ್ಲಿತ್ತು. ಬೇಸಿಗೆಯಲ್ಲಿ ನೀರು ಇಳಿದಾಗ ಅದರ ಕಲ್ಲಿನ ಹೊಸ್ತಿಲು ಕೆಸರಿನಿಂದ ತಲೆಯೆತ್ತುತ್ತಿತ್ತು. ಕೊಹೀರಿಗೆ ಮದುವೆಯಾಗಿ ಹೋಗಿದ್ದ ನನ್ನ ಸೋದರತ್ತೆ ನೀಲಮ್ಮ ಬಸ್ಸು ಹಿಡಿದು ಬಂದು, ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ತವರೂಟ ಉಂಡು ಬಂದ ಗತ್ತಿನಲ್ಲಿ ಮರಳುತ್ತಿದ್ದಳು. ಆಮೇಲೆ ದೋಣಿಗಳು ಬಂದವು; ಅವು ತೇಲಲಿ ಎಂದು ಕೆರೆಯ ನೀರನ್ನು ಇಳಿಯಲು ಬಿಡುವುದೇ ನಿಂತಿತು. ಹಾಲನ್ನೂ ನೀರನ್ನೂ ಬೇರ್ಪಡಿಸುವ ಹಂಸಗಳ ಬಗ್ಗೆ ಕೇಳಿದ್ದೆ. ಇವು ಮಗಳನ್ನೂ ತವರನ್ನೂ ಬೇರ್ಪಡಿಸಿದವು. ಅತ್ತೆ ಬರುವುದನ್ನು ಬಿಟ್ಟಳು. ನನಗೆ ಬಹಳ ಸಂಕಟವಾಯಿತು.

ಕಣ್ಣಿಗೆ ಪೊರೆ ಬಂದ ಮೇಲೆ ಅವಳು ಹಟ ಹಿಡಿದಳು: “ಒಮ್ಮಿ ನಮ್ಮಪ್ಪನ ಮನಿಗಿ ಕರ್ಕೊಂಡು ಹೋಗು.” ಹೀಗೆ, ಕಿತ್ತಳೆ ಬಣ್ಣದ ಜಾಕೀಟು ಬಿಗಿದುಕೊಂಡು ನಾವಿಬ್ಬರೂ ಹಂಸವಾಹನರಾದೆವು. ನನ್ನ ಸ್ಥೂಲಕಾಯದ ಕಡೆಗೇ ವಾಲುತ್ತಿದ್ದ ಆ ಬಡಪಕ್ಷಿಯನ್ನು ಏದುಸಿರು ಬಿಡುತ್ತ ತುಳಿಯುತ್ತಿದ್ದಾಗ ಅತ್ತೆ ಗದರಿದಳು: “ಚಪ್ಪಲ್ ಬಿಡೋ! ಮನ್ಯಾಗ ಮೆಟ್ಟಿಕೊಂಡು ತಿರಗ್ತಾರೇನು?” ತನ್ನವನ್ನು ಆಗಲೇ ಸೀಟಿನ ಕೆಳಗೆ ಸರಿಸಿದ್ದಳು.

ಮನೆಯಿದ್ದ ಜಾಗ ಇನ್ನೂ ದೂರವಿರುವಾಗಲೇ ತೇಲುಬುರುಡೆಗಳ ಹಗ್ಗ ಅಡ್ಡ ಬಂತು. “ಅದರಾಚಿ ಹೋಗಬ್ಯಾಡ್ರಿ!” ಎಂದು ದಡದಿಂದ ಕಾವಲುಗಾರ ಕೂಗಿದ. ಅತ್ತೆ ಹಗ್ಗವನ್ನು ಕೈಯಿಂದ ತಡವಿ, “ಇದೇ ಹೊಸ್ತಿಲ ಅಂತ ತಿಳ್ಕೋತೀನಿ” ಎಂದು ಅದಕ್ಕೇ ಅರಿಶಿನ ಹಚ್ಚಿದಳು. ನೀರು ಅದನ್ನು ತೊಳೆದುಕೊಂಡು ಹೋಯಿತು. ನಮ್ಮ ಮನೆತನದಲ್ಲಿ ತವರಿಗೆ ಬಂದ ಮಗಳು ಒಳಗಿನವರು ಕರೆಯುವವರೆಗೆ ಹೊಸ್ತಿಲು ದಾಟುವುದಿಲ್ಲ. ಅವಳು ಸುಮ್ಮನೆ ಕಾಯುತ್ತ ಕುಳಿತದ್ದನ್ನು ಕಂಡು, ಆ ಮನೆಯವರೆಂದು ಉಳಿದವನು ನಾನೊಬ್ಬನೇ ಎಂಬುದು ನೆನಪಾಗಿ, “ಒಳಗ ಬಾ, ಅತ್ತಿ” ಎಂದೆ.

ಅವಳು ಪೊರೆಗಣ್ಣನ್ನು ನನ್ನ ಕಡೆ ತಿರುಗಿಸಿದಳು. “ಎಲ್ಲಿಗಿ ಬರ್ಲೋ, ತಮ್ಮಾ?”

ಈಗ ಅತ್ತೆಯೂ ಇಲ್ಲ. ನಾನು ಮಾತ್ರ ಆಗಾಗ ಹೋಗುತ್ತೇನೆ. ಚಪ್ಪಲಿಯನ್ನು ದಡದಲ್ಲೇ ಬಿಡುತ್ತೇನೆ. “ಹಾಕ್ಕೊಂಡೇ ಕುಂದರ್ರಿ ಸಾಹೇಬ್ರ, ದೋಣ್ಯಾಗ ಹೊಲಸ ಅದ” ಎನ್ನುತ್ತಾನೆ ಕಾವಲುಗಾರ. “ಅಲ್ಲಿ ನಮ್ಮ ಮನಿ ಅದಪಾ” ಎನ್ನುತ್ತೇನೆ. ಅವನು ಫಲಕದ ಕಡೆ ನೋಡುತ್ತಾನೆ. ಅದರಲ್ಲಿ ಹಾಗೇನೂ ಬರೆದಿಲ್ಲ.