ಪಾಲಹಳ್ಳಿಯ ಮೌನಕೂಟ

ಪಾಂಡವಪುರದ ನಮ್ಮ ಚರ್ಚಿನಲ್ಲಿ ಭಾನುವಾರದ ಪ್ರಕಟಣೆ ಓದುವ ಕೆಲಸ ಆರು ವರ್ಷಗಳಿಂದ ನನ್ನದು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು, ಮೈಕು ಕೆಟ್ಟ ದಿನವೂ ಇವಳ ದನಿ ಹಿಂದಿನ ಬೆಂಚಿಗೆ ಮುಟ್ಟುತ್ತದೆ ಎಂಬ ಕಾರಣಕ್ಕೆ ಕೊಟ್ಟರು. ಕೊಟ್ಟ ಚೀಟಿಯನ್ನು ಸುಮ್ಮನೆ ಓದಿ ಕೂರುವವಳು ನಾನಲ್ಲ. "ಶುಕ್ರವಾರ ಸ್ತ್ರೀಯರ ಕೂಟ" ಎಂದಷ್ಟೇ ಇದ್ದರೆ, "ಎಲ್ಲ ಸಹೋದರಿಯರೂ ಸಕಾಲಕ್ಕೆ ಬಂದು ಕೂಟದ ಶೋಭೆ ಹೆಚ್ಚಿಸಬೇಕು" ಎಂದು ನನ್ನದೂ ನಾಲ್ಕು ಮಾತು ಸೇರಿಸುತ್ತೇನೆ. ನನ್ನ ಗಂಡ ಅದಕ್ಕೆ, ಪಾದ್ರಿಗಳ ಉಪದೇಶದ ನಂತರದ ಎರಡನೇ ಪ್ರಸಂಗ ಎಂದು ಹೆಸರಿಟ್ಟಿದ್ದಾರೆ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕೂ ಊರಿನ ಸಣ್ಣ ಸಭೆಗಳಿಗೆ ಒಬ್ಬರೇ ಪಾದ್ರಿ, ನಮ್ಮ ಅಯ್ಯನವರು. ಬೆಳಿಗ್ಗೆ ಒಂದೂರಲ್ಲಿ ಆರಾಧನೆ, ಮಧ್ಯಾಹ್ನ ಇನ್ನೊಂದೂರಲ್ಲಿ ಮದುವೆ, ಸಂಜೆ ಮತ್ತೊಂದೂರಲ್ಲಿ ಕಾಯಿಲೆಯವರ ಭೇಟಿ. ಪ್ರಕಟಣೆ ಬರೆದು ಕಳಿಸಲು ಅವರಿಗೆ ಪುರುಸೊತ್ತಿಲ್ಲ. ದಾರಿಬದಿಯಲ್ಲಿ ಬೈಕು ನಿಲ್ಲಿಸಿ ನನಗೊಂದು ವಾಯ್ಸ್ ಮೆಸೇಜು ಹಾಕುತ್ತಾರೆ. ಅದನ್ನು ಕೇಳಿ ಬರೆದುಕೊಂಡು ಓದುವುದು, ನಾಲ್ಕೂ ಸಭೆಗಳ ಗುಂಪಿಗೆ ಮೊಬೈಲಿನಲ್ಲಿ ಟೈಪು ಮಾಡಿ ಹಾಕುವುದು ನನ್ನ ಪಾಲಿನ ಕೆಲಸ.

ಹೋದ ವರ್ಷ ಹೀಗೇ ಒಂದು ಮೆಸೇಜು ಬಂತು. ಹಿಂದೆ ಗಾಳಿ, ಅದರ ಹಿಂದೆ ಕಬ್ಬಿನ ಲಾರಿಯ ಹಾರ್ನು. ನಡುವೆ ಅಯ್ಯನವರ ದನಿ: ಬರುವ ಶನಿವಾರ ಪಾಲಹಳ್ಳಿಯ ತೋಟದ ಮನೆಯಲ್ಲಿ ಇಡೀ ದಿನದ ಗಾನಕೂಟ, ಮೈಸೂರಿನಿಂದ ನಿವೃತ್ತ ಹಿರಿಯ ಅಯ್ಯನವರು ಬಂದು ನಡೆಸಿಕೊಡುತ್ತಾರೆ. ಅದರ ಮುಂದಿನ ಶನಿವಾರ ಶ್ರೀರಂಗಪಟ್ಟಣದಲ್ಲಿ ಸಹಾಯಾರ್ಥ ಗಾನಸಂಜೆ. ಅಲ್ಲಿನ ಸಭೆಯ ಅಜ್ಜಿಯರನ್ನು ಭಾನುವಾರ ಭಾನುವಾರ ಚರ್ಚಿಗೆ ಕರೆತರುವ ಆಟೋದ ಸಾಬರು ಆಟೋ ಮಗುಚಿ ಕಾಲು ಮುರಿದುಕೊಂಡಿದ್ದರು. ಅವರ ಚಿಕಿತ್ಸೆಗೆ ನೆರವಾಗಲೆಂದು ಆ ಕಾರ್ಯಕ್ರಮ.

ನನಗೆ ಸಂಶಯವೇ ಬರಲಿಲ್ಲ. ಮೊದಲ ಶನಿವಾರ ತಾಲೀಮು, ಎರಡನೇ ಶನಿವಾರ ಕಚೇರಿ. ಎಷ್ಟು ಸರಿಯಾಗಿದೆ! ಉತ್ಸಾಹ ಬಂದು, "ಹಾರ್ಮೋನಿಯಂ, ಕೀಬೋರ್ಡು, ತಮಟೆ, ಯಾವ ವಾದ್ಯವಿದ್ದರೂ ಸಂಕೋಚಪಡದೆ ತರಬೇಕು, ಗಂಟಲು ಬಿಚ್ಚಿ ಹಾಡಬೇಕು" ಎಂದು ಸೇರಿಸಿ ಓದಿದೆ. ಗುಂಪಿಗೂ ಹಾಕಿದೆ. ಅಯ್ಯನವರು ಅದನ್ನು ಓದಿದರೋ ಇಲ್ಲವೋ, ಒಂದು ಹೆಬ್ಬೆರಳು ಎತ್ತಿ ಒಪ್ಪಿಗೆ ಕೊಟ್ಟರು.

ಆ ಶನಿವಾರ ನನಗೆ ಬೆಳಗಿನ ತರಗತಿ ಇತ್ತು. ಮುಗಿಸಿಕೊಂಡು, ಬಸ್ಸು ಹಿಡಿದು ಪಾಲಹಳ್ಳಿ ತಲುಪುವಷ್ಟರಲ್ಲಿ ಹನ್ನೊಂದೂವರೆ. ಬಸ್ಸಿಳಿದಾಗಲೇ ತಮಟೆಯ ಸದ್ದು ಕೇಳುತ್ತಿತ್ತು. ನಾಲೆ ಏರಿಯ ಮೇಲೆ ನಡೆದು ಹೋಗುವಾಗ ಹೆಮ್ಮೆಯಿಂದ ನನ್ನ ಬೆನ್ನು ನೆಟ್ಟಗಾಯಿತು. ನನ್ನ ಒಂದು ಪ್ರಕಟಣೆಗೆ ಎಷ್ಟು ಜನ!

ತೋಟದ ಮನೆಯ ಅಂಗಳದಲ್ಲಿ ಅರವತ್ತು ಮಂದಿಯಾದರೂ ಇದ್ದರು. ಕೆ.ಆರ್. ಪೇಟೆಯವರು ಟೆಂಪೋ ಮಾಡಿಕೊಂಡು ಕೀಬೋರ್ಡು, ಸ್ಪೀಕರು ಎಲ್ಲ ಹೇರಿಕೊಂಡು ಬಂದಿದ್ದರು. ನಾಗಮಂಗಲದ ಕಡೆಯಿಂದ ದೇವಲಾಪುರದ ರೈತರೊಬ್ಬರು ತಮಟೆ ಕಾಯಿಸಲು ಬೆಂಕಿ ಹಾಕಿಕೊಂಡು ಕೂತಿದ್ದರು. ಪಕ್ಕದ ಗದ್ದೆಯಲ್ಲಿ ಕಬ್ಬು ಕಡಿಯುತ್ತಿದ್ದವರು ಕತ್ತಿ ಕೆಳಗಿಟ್ಟು ಬದುವಿನ ಮೇಲೆ ಸಾಲಾಗಿ ಕೂತು ಕೇಳುತ್ತಿದ್ದರು. ಜಗುಲಿಯ ಮೇಲೆ, ಬೆತ್ತದ ಕುರ್ಚಿಯಲ್ಲಿ, ಬಿಳಿ ಜುಬ್ಬದ ಹಿರಿಯ ಅಯ್ಯನವರು ಕಣ್ಣು ಮುಚ್ಚಿ ಕೂತಿದ್ದರು. ಹಾಡು ಮುಗಿದಾಗ ಕಣ್ಣು ತೆರೆದು, ತುಟಿಯ ಮೇಲೆ ಬೆರಳಿಟ್ಟರು.

"ಮೆಲ್ಲುಗ್ ಆಡ್ಬೇಕಂತೆ ಕಣ್ರಪ್ಪೋ!" ಎಂದು ತಮಟೆಯವರು ಕೂಗಿದರು. ಎಲ್ಲರೂ ಮೆಲ್ಲಗೆ ಹಾಡಿದರು. ಹಿರಿಯರು ಎರಡೂ ಕೈ ಎತ್ತಿ ಬೇಡ ಬೇಡ ಎಂಬಂತೆ ಆಡಿಸಿದರು.

"ಈಗ್ ಜೋರಾಗಂತೆ!"

ಜೋರಾಗಿ ಹಾಡಿದರು. ನಾಲೆಯ ಆಚೆ ದಡದ ಎಮ್ಮೆಯೊಂದು ತಲೆ ಎತ್ತಿ ನೋಡಿತು.

ನಾನು ಹತ್ತಿರ ಹೋಗಿ ವಂದನೆ ಹೇಳಿದೆ. ಹಿರಿಯರು ತಲೆಯಾಡಿಸಿದರೇ ಹೊರತು ಮಾತಾಡಲಿಲ್ಲ. ಬಹಳ ದೊಡ್ಡವರು, ಮಾತು ಕಡಿಮೆ ಎಂದುಕೊಂಡೆ. ಅಷ್ಟರಲ್ಲಿ ತಮಟೆಯವರು ಅಂಗಿ ಜೇಬಿನಿಂದ ಮಡಿಚಿದ ಚೀಟಿಯೊಂದನ್ನು ತೆಗೆದು ಕೊಟ್ಟರು.

"ಟೀಚರಮ್ಮ, ಬೆಳುಗ್ಗೇನೆ ಇದ್ನ ಬರ್ದು ಕೊಟ್ರು ದೊಡ್ಡಯ್ನೋರು. ನಾನು ಕನ್ನಡ್ಕ ತಂದಿಲ್ಲ. ಯಾವ್ದೋ ಕೀರ್ತನೆ ಇರ್ಬೇಕು, ಕೊನೇಲ್ ಆಡ್ತೀವಿ ಬುಡಿ ಅಯ್ನೋರೆ ಅಂತ ಮಡಿಕ್ಕೊಂಡಿವ್ನಿ. ಯಾವ್ದು ಅಂತ ಓದ್ಬುಡಿ."

ಚೀಟಿ ಬಿಚ್ಚಿದೆ. ದುಂಡಗಿನ, ಹಳೇ ಕಾಲದ ಅಕ್ಷರದಲ್ಲಿ ಒಂದೇ ಸಾಲಿತ್ತು. "ಇಂದು ಸಂಜೆ ನಾಲ್ಕರವರೆಗೆ ನಾವೆಲ್ಲರೂ ಮೌನವಾಗಿರೋಣ."

ಅದು ಮೌನಕೂಟ. ಗಾಳಿ ಮತ್ತು ಲಾರಿ ಸೇರಿ ಅದನ್ನು ಗಾನಕೂಟ ಮಾಡಿದ್ದವು, ಉಳಿದದ್ದನ್ನು ನಾನು ಮಾಡಿದ್ದೆ. ಅರವತ್ತು ಮಂದಿ ನನ್ನ ಬಾಯಿಯನ್ನೇ ನೋಡುತ್ತಿದ್ದಾರೆ. ಆ ಗಳಿಗೆಯಲ್ಲಿ ಸತ್ಯ ಹೇಳಬೇಕಿತ್ತು. ಮಕ್ಕಳಿಗೆ ವರ್ಷವಿಡೀ ಅದನ್ನೇ ಪಾಠ ಮಾಡುವವಳು ನಾನು.

"ಏನಂತಮ್ಮ?" ಎಂದರು ತಮಟೆಯವರು.

"ತಮಟೆ ಸ್ವಲ್ಪ ಹೊತ್ತು ಬೇಡವಂತೆ," ಎಂದೆ.

ಅವರ ಮುಖ ಬಾಡಿತು. ಇಷ್ಟು ಹೊತ್ತು ನನಗಿಲ್ಲದ ನಾಚಿಕೆ ಆ ಮುಖ ನೋಡಿ ಬಂತು. ತಪ್ಪಿಸಿಕೊಳ್ಳಲು ಅಡುಗೆಮನೆ ಹೊಕ್ಕೆ. ಅಲ್ಲಿ ತೋಟದ ಮನೆಯ ಅಡುಗೆಯಮ್ಮ ಸೌಟು ಹಿಡಿದು ಕಾದಿದ್ದರು.

"ಇಪ್ಪತ್ ಜನ ಅಂದ್ರು, ಗಂಜಿ ಸಾಕು ಅಂದ್ರು, ಯಾರೂ ಮಾತಾಡಕಿಲ್ಲ ಅಂದ್ರು. ಇವ್ರು ನೋಡುದ್ರೆ ದಿಬ್ಬಣ ಬಂದಂಗ್ ಬಂದ್ಬುಟ್ಟವ್ರೆ! ಯಾವ ಪುಣ್ಯಾತ್ಗಿತ್ತಿ ಇವ್ರನ್ನೆಲ್ಲ ಕರ್ದೋಳು?"

"ಗೊತ್ತಿಲ್ಲಮ್ಮ," ಎಂದೆ. ಅದು ಆ ದಿನದ ಎರಡನೇ ಸುಳ್ಳು. ಪ್ರಾಯಶ್ಚಿತ್ತಕ್ಕೆಂಬಂತೆ ಸೆರಗು ಸಿಕ್ಕಿಸಿ, ಹಿಟ್ಟಿನ ದೊಣ್ಣೆ ಹಿಡಿದು ಮುದ್ದೆ ತಿರುವಲು ನಿಂತೆ. ಅರವತ್ತು ಮಂದಿಯ ಮುದ್ದೆ ತಿರುವಿದ ಮೇಲೆ ನನ್ನ ರಟ್ಟೆ ಮೂರು ದಿನ ಮೇಲೇಳಲಿಲ್ಲ.

ಊಟದ ಹೊತ್ತಿಗೆ ನಮ್ಮ ಅಯ್ಯನವರ ಬೈಕು ಬಂತು. ದೇವಲಾಪುರದ ಹತ್ತಿರ ಮಣ್ಣು ಮಾಡುವ ಕಾರ್ಯ ಮುಗಿಸಿ ಬಂದವರು, ಹೆಲ್ಮೆಟ್ ತೆಗೆಯುವುದನ್ನೂ ಮರೆತು ಅಂಗಳದಲ್ಲಿ ನಿಂತುಬಿಟ್ಟರು. ನಾನೇ ಹೋಗಿ ಎಲ್ಲ ಒಪ್ಪಿಕೊಂಡೆ. ಹಿಟ್ಟು ಮೆತ್ತಿದ ಕೈಯಲ್ಲೇ ಮೊಬೈಲು ತೆಗೆದು ಅವರ ಮೆಸೇಜು ಕೇಳಿಸಿದೆ. ಅವರು ಒಮ್ಮೆ ಕೇಳಿದರು. ಹೆಲ್ಮೆಟ್ ತೆಗೆದು ಇನ್ನೊಮ್ಮೆ ಕೇಳಿದರು.

"ಗಾನಕೂಟ ಅಂತಲೇ ಕೇಳ್ತದಲ್ಲ ಟೀಚರೇ!"

"ವಾದ್ಯ ತನ್ನಿ ಅಂತ ಮಾತ್ರ ನೀವು ಹೇಳಿರಲಿಲ್ಲ ಅಯ್ಯನವರೇ. ಅದು ನಾನೇ ಸೇರಿಸಿದ್ದು."

"ಅದು ನನಗೆ ಗೊತ್ತಾಯ್ತು," ಎಂದರು.

ಈಗಲಾದರೂ ಎಲ್ಲರನ್ನೂ ಸುಮ್ಮನಿರಿಸೋಣ ಎಂದು ಅವರು ಜಗುಲಿ ಹತ್ತಿದರು. ಆದರೆ ಹಿರಿಯರು ಅವರ ಕೈ ಹಿಡಿದು, ಬೇಡ ಎಂದು ತಲೆಯಾಡಿಸಿ, ಪಕ್ಕದಲ್ಲೇ ಕೂರಿಸಿಕೊಂಡರು. ಹಾಡು ಮುಂದುವರಿಯಿತು. ನಾನು ತಮಟೆಯವರ ಬಳಿ ಹೋಗಿ, ನಡೆದದ್ದು ಹೇಳಿ, ತಪ್ಪಾಯಿತು ಎಂದೆ.

"ಅಂಗಾದ್ರೆ ತಮಟೆ ಬೇಡ ಅಂದೋರು ನೀವೇಯ?"

"ನಾನೇ."

"ಬುಡಿ ಅತ್ಲಾಗೆ," ಎಂದು ನಗುತ್ತಾ ಮತ್ತೆ ಬೆಂಕಿ ಹಾಕಿದರು.

ಸರಿಯಾಗಿ ನಾಲ್ಕಕ್ಕೆ ಹಿರಿಯ ಅಯ್ಯನವರು ಎದ್ದು ನಿಂತರು. ಬೈಗುಳಕ್ಕೆ ಸಿದ್ಧಳಾಗಿ ನಾನು ಕಂಬದ ಮರೆಗೆ ಸರಿದೆ. ಅವರು ಗಂಟಲು ಸರಿಮಾಡಿಕೊಂಡು, ಆ ದಿನದ ಮೊದಲ ಮಾತು ಆಡಿದರು.

"ಹಾರ್ಮೋನಿಯಂ ಒಂದು ಶ್ರುತಿ, ಕೀಬೋರ್ಡು ಇನ್ನೊಂದು ಶ್ರುತಿ. ಹಾಡುವವರು ಎರಡಕ್ಕೂ ಸೇರಿಲ್ಲ. ಬೆಳಿಗ್ಗೆ ಒಂಬತ್ತರಿಂದ ಇದನ್ನು ಹೇಳಬೇಕು ಅಂತ ನನ್ನ ಜೀವ ಹೋಗ್ತಾ ಇದೆ."

ಅಂಗಳವೆಲ್ಲ ನಕ್ಕಿತು. ಅವರು ಮಾತ್ರ ನಗಲಿಲ್ಲ. ಮೆಟ್ಟಿಲಿಳಿದು ಬಂದು ಹಾರ್ಮೋನಿಯಂ ತಮ್ಮ ಮುಂದಕ್ಕೆ ಎಳೆದುಕೊಂಡರು. ಕತ್ತಲಾಗುವವರೆಗೂ ಒಂದೇ ಕೀರ್ತನೆಯನ್ನು ಸಾಲು ಸಾಲಾಗಿ ತಿದ್ದಿಸಿದರು. ನಾಲ್ಕು ಊರಿನವರು ಒಂದೇ ಹಾಡನ್ನು ನಾಲ್ಕು ರಾಗದಲ್ಲಿ ಹಾಡುತ್ತಿದ್ದೇವೆಂಬುದು ಅಂದು ನಮಗೆ ತಿಳಿಯಿತು. ಯಾರ ರಾಗ ಸರಿ ಎಂದು ಸಣ್ಣ ಜಗಳವೂ ಆಯಿತು. ಹಿರಿಯರು ನಾಲ್ಕೂ ತಪ್ಪು ಎಂದ ಮೇಲೆ ಶಾಂತಿ ನೆಲೆಸಿತು.

ಮುಂದಿನ ಶನಿವಾರ ಶ್ರೀರಂಗಪಟ್ಟಣದಲ್ಲಿ ಗಾನಸಂಜೆ. ಶಾಲೆಯೊಂದರ ಸಭಾಂಗಣ ತುಂಬಿ, ಕಿಟಕಿಯ ಹೊರಗೂ ಜನ ನಿಂತಿದ್ದರು. ಆಟೋದ ಸಾಬರನ್ನು ಅವರ ತಮ್ಮ ಎತ್ತಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂರಿಸಿದರು. ಪ್ಲಾಸ್ಟರು ಹಾಕಿದ ಕಾಲಿಗೊಂದು ಸ್ಟೂಲು. ಆಚೀಚೆ ಅವರ ಆಟೋದ ಅಜ್ಜಿಯರು. ಆ ಕೀರ್ತನೆಯನ್ನು ನಾವು ಒಂದೇ ಶ್ರುತಿಯಲ್ಲಿ ಹಾಡಿ ಮುಗಿಸಿದಾಗ ಚಪ್ಪಾಳೆ ನಿಲ್ಲಲೇ ಇಲ್ಲ. ಅಯ್ಯನವರು ಮೈಕನ್ನು ಸಾಬರ ಕೈಗೆ ಕೊಟ್ಟು, ಎರಡು ಮಾತಾಡಿ ಎಂದರು. ಧನ್ಯವಾದ ಹೇಳುತ್ತಾರೆ ಎಂದು ನಾವೆಲ್ಲ ಕಣ್ಣೊರೆಸಿಕೊಳ್ಳಲು ತಯಾರಾದೆವು.

"ಬಹುತ್ ಶುಕ್ರಿಯಾ ಅಯ್ನೋರೆ. ಎಲ್ಲಾ ಚೆಂದಾಗ್ ಹಾಡಿದ್ರಿ. ಆದ್ರೆ ಮೂರನೇ ಚರಣ ಬಿಟ್ಬುಟ್ರಲ್ಲ?"

ವೇದಿಕೆಯ ಮೇಲೆ ನಾವು ಮುಖ ಮುಖ ನೋಡಿಕೊಂಡೆವು. ಬಿಟ್ಟಿದ್ದೆವು, ನಿಜ. ವೇದಿಕೆ ಹತ್ತಿದ ನಮ್ಮಲ್ಲಿ ಯಾರಿಗೂ ಅದು ಬಾಯಿಗೆ ಬರುತ್ತಿರಲಿಲ್ಲ.

"ಈ ಅಮ್ಮಂದಿರು ಗಾಡಿ ಹತ್ತಿದ್ ತಕ್ಷಣ ಶುರು ಮಾಡ್ತಾರೆ. ಚರ್ಚ್ ಬರೋತನಕ ಪೂರಾ ಹಾಡ್ತಾರೆ. ನಂಗೆ ಪೂರಾ ಯಾದ್ ಐತೆ," ಎಂದು ಸಾಬರು ಮೂರನೇ ಚರಣವನ್ನು ಒಂದೊಂದೇ ಸಾಲು ಹೇಳಿಕೊಡತೊಡಗಿದರು. ಅವರು ಹೇಳಿಕೊಟ್ಟಂತೆ ನಾವು ಹಾಡಿದೆವು. ಎರಡನೇ ಸಾಲಿನಲ್ಲಿ ಪಕ್ಕದ ಅಜ್ಜಿ ಅವರ ತೋಳು ತಿವಿದರು.

"ಅಂಗಲ್ಲ ಕಣ್ಲಾ, ತಪ್ಪೇಳ್ತಿದೀಯ!"

"ನಿಮ್ಮತ್ರಾನೇ ಕಲ್ತಿದ್ದು ಅಮ್ಮಾ!"

"ನಾನ್ ಯಾವತ್ಲಾ ಅಂಗಂದೆ?"

ಮೈಕು ಇಬ್ಬರ ನಡುವೆಯೇ ಇತ್ತು. ಸಭಾಂಗಣಕ್ಕೆಲ್ಲ ಆ ವಾದ ಕೇಳುತ್ತಿತ್ತು. ಅಯ್ಯನವರಿಗೆ ಅದನ್ನು ಕಿತ್ತುಕೊಳ್ಳುವ ಧೈರ್ಯವಿರಲಿಲ್ಲ. ನಾನು ವೇದಿಕೆಯ ತುದಿಯಲ್ಲಿ ನಿಂತು, ನಗು ತಡೆಯಲಾರದೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.