ಬಿಳಿಯಾದ ಕಾವಲಿ

ಮೂರೂವರೆಗೆ ಎದ್ದು ಅಡುಗೆಮನೆಯ ದೀಪ ಹಾಕಬೇಕು. ನಡುಕೋಣೆಯಲ್ಲಿ ಮಲಗಿದ ಮಗನ ಮುಖಕ್ಕೆ ಬೆಳಕು ಬೀಳದಂತೆ ಬಾಗಿಲು ಎಳೆದುಕೊಳ್ಳಬೇಕು. ರಾತ್ರಿ ರುಬ್ಬಿಟ್ಟ ಅಕ್ಕಿಹಿಟ್ಟಿಗೆ ಉಪ್ಪು ಹಾಕಿ ನೀರಿನಷ್ಟೇ ತೆಳ್ಳಗೆ ಮಾಡಬೇಕು, ಚಟ್ನಿಗೆ ಕಾಯಿ ತುರಿಯಬೇಕು. ಗಂಡನ ಕೆಲಸದ ಉಡುಪು ಕವರಾಲ್‌ಗೆ ಇಸ್ತ್ರಿ, ಮಗನ ಅಂಗಿಗೆ ಇಸ್ತ್ರಿ. ಫ್ರೀಝರಿನಲ್ಲಿ ಕಲ್ಲಾದ ಎರಡು ನೀರಿನ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ಗಂಡನ ಚೀಲಕ್ಕೆ. ಮಧ್ಯಾಹ್ನದ ಅನ್ನ, ಸಾರು, ಎರಡು ಡಬ್ಬಿ. ಇಷ್ಟರ ನಡುವೆ ಒಲೆಯ ಮೇಲೆ ಕಾವಲಿ ಕಾಯುತ್ತಿರಬೇಕು. ಐದು ಹತ್ತಕ್ಕೆ ದುಬೈಯ ಕರಾಮದ ಬೀದಿ ಮೂಲೆಯಲ್ಲಿ ಕಂಪೆನಿ ಬಸ್ಸು ಬಂದು ನಿಲ್ಲುವ ಹೊತ್ತಿಗೆ ಗಂಡ ಜಯಪಾಲ ಎಂಟು ನೀರುದೋಸೆ ತಿಂದು ಕೈ ತೊಳೆದಿರಬೇಕು.

ಪ್ರಫುಲ್ಲಾ ಇದನ್ನು ಇಪ್ಪತ್ತಾರು ವರ್ಷ ಮಾಡಿದ್ದಾಳೆ. ಅವಳ ವೀಸಾದಲ್ಲಿ ಉದ್ಯೋಗದ ಜಾಗದಲ್ಲಿ ಗೃಹಿಣಿ ಎಂದಿದೆ.

ಕಾವಲಿ ಅವಳ ಅಮ್ಮನದು. ಮೂಲ್ಕಿಯ ಮನೆಯಲ್ಲಿ ಅಮ್ಮ ಅದರ ಮೇಲೆ ಮೂವತ್ತು ವರ್ಷ ದೋಸೆ ಹೊಯ್ದಿದ್ದಳು. ಪ್ರಫುಲ್ಲಾ ದುಬೈಗೆ ಹೊರಟಾಗ ಅಮ್ಮ ಅದನ್ನು ತನ್ನ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಸೂಟ್‌ಕೇಸಿನ ತಳದಲ್ಲಿಟ್ಟಳು. "ಸೋಪು ಮುಟ್ಟಿಸ್ಬೇಡ. ನೀರು ಬಿಟ್ಟು ಇಡ್ಬೇಡ. ಯಾರಿಗೂ ಎರವಲು ಕೊಡ್ಬೇಡ" ಎಂದಿದ್ದಳು. ವಿಮಾನ ನಿಲ್ದಾಣದ ಎಕ್ಸ್‌ರೇಯಲ್ಲಿ ದುಂಡಗಿನ ಕರಿನೆರಳು ನೋಡಿ ಅಧಿಕಾರಿ ಇದೇನು ಎಂದು ಕೇಳಿದ್ದ. ಇಪ್ಪತ್ತೇಳರ ಹುಡುಗಿ ಹೆದರಿ "ದೋಸೆ" ಎಂದಿದ್ದಳು.

ಆ ಕಾವಲಿ ಎಂಥದ್ದೆಂದು ಅವಳಿಗೆ ವಿವರಿಸಿದವನು ಜಯಪಾಲ. ಜೆಬೆಲ್ ಅಲಿಯ ಪೈಪ್ ಯಾರ್ಡಿನಲ್ಲಿ ಅವನು ಬ್ಲಾಸ್ಟಿಂಗ್ ಮತ್ತು ಪೇಂಟಿಂಗ್ ಇನ್‌ಸ್ಪೆಕ್ಟರ್. ಪೈಪುಗಳ ಮೈಗೆ ಮರಳಿನಂಥ ಕಾಳನ್ನು ಗಾಳಿಯ ಒತ್ತಡದಲ್ಲಿ ಹೊಡೆದು ಕಿಟ್ಟವನ್ನೆಲ್ಲ ಕಿತ್ತು, ಲೋಹ ಬೆಳ್ಳಗಾಯಿತೋ ಇಲ್ಲವೋ ಎಂದು ನೋಡಿ ಸಹಿ ಹಾಕುವುದು ಅವನ ಕೆಲಸ. "ಕಾರ್ಬನ್ ಸ್ಟೀಲ್ ಅಂದ್ರೆ ಎಂತ ಗೊತ್ತುಂಟಾ? ಕಬ್ಬಿಣಕ್ಕೆ ಒಂದು ಚಿಟಿಕೆ ಇಂಗಾಲ. ನೂರಕ್ಕೆ ಒಂದು ಪಾಲೂ ಇಲ್ಲ. ಅಷ್ಟರಲ್ಲೇ ಗಟ್ಟಿ ಆಗ್ತದೆ. ನಮ್ಮ ಪೈಪು ಅದೇ, ನಿನ್ನ ಕಾವಲಿ ಅದೇ, ಮೆಟ್ಟುಕತ್ತಿ, ಕತ್ತರಿ, ನೀನು ಗುಂಡಿ ಹೊಲಿಯುವ ಸೂಜಿ, ಎಲ್ಲ ಅದೇ."

"ಅಡುಗೆಗೆ ಉಪ್ಪು ಹಾಕಿದ ಹಾಗೆ" ಎಂದಿದ್ದಳು ಪ್ರಫುಲ್ಲಾ.

"ಹಾಂ, ಆದ್ರೆ ನಮ್ಮ ಪೈಪಿಗೆ ಸರ್ಟಿಫಿಕೇಟ್ ಉಂಟು!" ಎಂದು ಅವನು ನಕ್ಕಿದ್ದ.

ಸ್ಟೀಲಿನ ಪಾತ್ರೆಗಳನ್ನು ತೊಳೆದು ಮಗುಚಿಟ್ಟರೆ ಅವುಗಳ ಪಾಡಿಗೆ ಅವು ಹೊಳೆಯುತ್ತವೆ. ಕಾವಲಿ ಹಾಗಲ್ಲ. ಅದಕ್ಕೆ ದಿನವೂ ಯಾರದಾದರೂ ಕೈ ಬೇಕು. ಬಿಸಿಯಿರುವಾಗಲೇ ಒರೆಸಬೇಕು, ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ತಿಕ್ಕಬೇಕು. ಒಂದೊಂದು ದಿನದ ಎಣ್ಣೆಯೂ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಕೂರುತ್ತದೆ. ಐವತ್ತಾರು ವರ್ಷ ಕೂತು ಕೂತು ಆ ಕಾವಲಿ ಹುಣಿಸೆಬೀಜದ ಹಾಗೆ ಕಪ್ಪಗೆ ಮಿನುಗುತ್ತಿತ್ತು. ಕಪ್ಪಿನ ತಳದಲ್ಲಿ ಅಮ್ಮನ ಕೈ, ಮೇಲೆ ಮಗಳ ಕೈ.

ಕಳೆದ ತಿಂಗಳು ಅಮ್ಮ ತೀರಿಕೊಂಡಳು. ಪ್ರಫುಲ್ಲಾ ಊರು ಮುಟ್ಟುವಾಗ ಚಿತೆ ಆರಿತ್ತು. ಉತ್ತರಕ್ರಿಯೆಯ ಬೊಜ್ಜ ಮುಗಿದ ಮರುದಿನ ಅತ್ತಿಗೆಯಂದಿರು ಅಮ್ಮನ ಬಳೆ, ಸೀರೆ, ತಾಮ್ರದ ಹಂಡೆ ಹಂಚಿಕೊಂಡರು. "ನಿಂಗೆಂತ ಬೇಕು ಪ್ರಫುಲ್ಲಾ?" ಎಂದು ದೊಡ್ಡತ್ತಿಗೆ ಕೇಳಿದಳು.

"ನಂಗೇನೂ ಬೇಡ. ನನ್ನ ಹತ್ತಿರ ಕಾವಲಿ ಉಂಟು."

ಊರಿಗೆ ಹೋದ ಹದಿನೆಂಟನೆಯ ದಿನ ಬೆಳಿಗ್ಗೆ ಅವಳು ದುಬೈಯಲ್ಲಿ ಇಳಿದಳು. ಮನೆಗೆ ಬಂದವಳು ಸೀರೆ ಬದಲಿಸುವ ಮೊದಲೇ ಅಕ್ಕಿ ನೆನೆಹಾಕಿದಳು. ಅಂಗಡಿಯ ಖುಬೂಸ್ ರೊಟ್ಟಿ ತಿಂದು ತಿಂದು ಬಾಯಿ ಕೆಟ್ಟಿದೆ ಎಂದು ಮಗ ಲತೇಶ್ ಊರಿಗೇ ಫೋನು ಮಾಡಿ ಹೇಳಿದ್ದ. ಕಾವಲಿ ಅದನ್ನು ತೂಗುಹಾಕುವ ಮೊಳೆಯಲ್ಲಿರಲಿಲ್ಲ. ಒಲೆಯ ಕೆಳಗೂ ಇರಲಿಲ್ಲ.

ಸಂಜೆ ಜಯಪಾಲ ಬಾಗಿಲಲ್ಲೇ ಚೀಲವನ್ನು ಬೆನ್ನ ಹಿಂದೆ ಹಿಡಿದು ನಿಂತ. "ಕಣ್ಣು ಮುಚ್ಚು ಮಾರಾಯ್ತಿ. ಸರ್‌ಪ್ರೈಸ್ ಉಂಟು."

ಅವನು ಕೈಗಿಟ್ಟದ್ದು ಹೊಸ ನಾಣ್ಯದ ಬಣ್ಣದ ಒಂದು ತಟ್ಟೆ. ಹಿಡಿಯ ಬಳಿಯ ಸಣ್ಣ ನಗ್ಗು ಮಾತ್ರ ಗುರುತಿನದು.

"ಯಾರ್ಡಿನಲ್ಲಿ ಬ್ಲಾಸ್ಟಿಂಗ್ ಮಾಡಿಸಿದೆ. ನೋಡು, ವೈಟ್ ಮೆಟಲ್! ಎಷ್ಟು ವರ್ಷದ ಕಿಟ್ಟ ಇತ್ತು ಅದರಲ್ಲಿ. ಪೈಪಿಗೂ ಇಷ್ಟು ಚಂದ ಫಿನಿಶ್ ಬರುದಿಲ್ಲ."

"ಅದು ಕಿಟ್ಟ ಅಲ್ಲ" ಎಂದಳು ಪ್ರಫುಲ್ಲಾ.

"ಮತ್ತೆಂತ?"

"ಅಮ್ಮ ಪಳಗಿಸಿದ್ದು."

ಅವನ ಮುಖ ಸಣ್ಣದಾಯಿತು. ಪಾಪ, ತಾಯಿ ಹೋದ ಹೆಂಡತಿಗೆ ಖುಷಿಯಾಗಲೆಂದು ಫೋರ್‌ಮನ್ನನ್ನು ಕಾಡಿ ಬೇಡಿ ಮಾಡಿಸಿದ್ದ. ಆದರೆ ಇಪ್ಪತ್ತಾರು ವರ್ಷದಲ್ಲಿ ಆ ಕಾವಲಿಯನ್ನು ಒಮ್ಮೆಯಾದರೂ ಅವನು ಒರೆಸಿರಲಿಲ್ಲ. "ಹೋಗ್ಲಿ, ಮತ್ತೆ ಪಳಗಿಸಿದ್ರಾಯ್ತಲ್ಲ. ನಿಂಗೆಂತ, ಮನೆಯಲ್ಲೇ ಇರುದಲ್ವಾ?"

ಲತೇಶ್ ಮೊಬೈಲಿನಿಂದ ತಲೆಯೆತ್ತಿದ. "ಚಿಲ್ ಅಮ್ಮ. ನಾನ್‌ಸ್ಟಿಕ್ ಆರ್ಡರ್ ಮಾಡ್ತೇನೆ, ನಾಳೆ ಬರ್ತದೆ."

ಅವಳು ಹಿಟ್ಟು ರುಬ್ಬಲು ಹೋದಳು.

ಮರುದಿನ ಮೂರೂವರೆಗೆ ದೀಪ ಹಾಕಿದಾಗ ಕಾವಲಿಯ ಮೈತುಂಬ ಕಂದು ಚುಕ್ಕೆಗಳೆದ್ದಿದ್ದವು. ಬೆರಳಿಟ್ಟರೆ ತುದಿ ಕೆಂಪಾಯಿತು. ಬರಿಮೈಯ ಉಕ್ಕಿಗೆ ಈ ಊರಿನ ಗಾಳಿ ಒಂದು ರಾತ್ರಿಯೂ ತಡೆಯುವುದಿಲ್ಲ. ಅವಳು ತಿಕ್ಕಿ ಒರೆಸಿ, ಒಲೆಯ ಮೇಲಿಟ್ಟು, ಈರುಳ್ಳಿಯಿಂದ ಎಣ್ಣೆ ಸವರಿ ಒಂದು ಸೌಟು ಹಿಟ್ಟು ಹೊಯ್ದಳು. ದೋಸೆ ಏಳಲಿಲ್ಲ. ಚಟ್ಟುಗದಿಂದ ಕೆರೆದರೆ ಚಿಂದಿಚಿಂದಿಯಾಗಿ ಬಂತು, ಅಂಚಿನಲ್ಲಿ ತುಕ್ಕಿನ ಬಣ್ಣ.

ಮತ್ತೆ ಪಳಗಿಸಬಹುದು. ದಿನವೂ ಹೀಗೆಯೇ ಎದ್ದು ಸವರಿದರೆ ವರ್ಷದೊಳಗೆ ಕಪ್ಪಾದೀತು, ದೋಸೆಯೂ ಎದ್ದೀತು. ಆಗ ಜಯಪಾಲ, ನೋಡು, ಎಂತ ಆಯ್ತೀಗ, ಎಂದಾನು. ಕಾವಲಿ ಕಪ್ಪಾಗುವುದು. ಅಮ್ಮನ ಕೈ ಬರುವುದಿಲ್ಲ.

ಪ್ರಫುಲ್ಲಾ ಒಲೆ ಆರಿಸಿದಳು. ಕಾವಲಿ ಉಗುರುಬಿಸಿಗೆ ಇಳಿಯುವ ತನಕ ನಿಂತು, ಅಂಗೈಯಲ್ಲಿ ಎಣ್ಣೆ ಹೊಯ್ದುಕೊಂಡು ಎರಡೂ ಬದಿಗೆ, ಅಂಚಿಗೆ, ನಗ್ಗಿನೊಳಕ್ಕೆ, ಮಗುವಿಗೆ ಹಚ್ಚುವ ಹಾಗೆ ಹಚ್ಚಿದಳು. ಅಟ್ಟದ ಪೆಟ್ಟಿಗೆಯಲ್ಲಿ ಅಮ್ಮನ ಸೀರೆಯ ತುಂಡು ಹಾಗೆಯೇ ಇತ್ತು. ಅದರಲ್ಲಿ ಸುತ್ತಿ, ಇನ್ನೂ ಪೂರ್ತಿ ಖಾಲಿ ಮಾಡದ ಸೂಟ್‌ಕೇಸಿನ ತಳದಲ್ಲಿಟ್ಟು ಬೀಗ ಒತ್ತಿದಳು. ಇನ್ನು ಅದು ಈ ಒಲೆ ಹತ್ತುವುದಿಲ್ಲ.

ಹಿಟ್ಟಿನ ಪಾತ್ರೆಗೆ ಮುಚ್ಚಳ ಹಾಕಿ ಫ್ರಿಜ್ಜಿಗೆ ತಳ್ಳಿದಳು. ಕವರಾಲ್ ಕುರ್ಚಿಯ ಮೇಲೆ ಮುದುಡಿಯೇ ಇತ್ತು. ಅದನ್ನು ನೋಡಿದಳು, ಇಸ್ತ್ರಿಪೆಟ್ಟಿಗೆ ತೆಗೆಯಲಿಲ್ಲ. ಮೇಜಿನ ನಡುವೆ ಖುಬೂಸಿನ ಪೊಟ್ಟಣ ಇಟ್ಟಳು. ಒಂದೇ ಲೋಟ ಚಹಾ ಮಾಡಿಕೊಂಡು ಬಾಲ್ಕನಿಗೆ ಹೋಗಿ, ಜಯಪಾಲನ ಅಲಾರಂ ಹೊಡೆಯುವುದು ಒಳಗಿನಿಂದ ಕೇಳಿದಾಗಲೂ ಏಳದೆ ಕುಳಿತಳು.