ಸೋಮಪ್ಪ ಕೂಡಿಸಿದ ವಿಮಾನದ ಸೀಟು

ದಾಂಡೇಲಿಯ ಬಡಿಗ ಸೋಮಪ್ಪನಿಗೆ ಐವತ್ತು ದಾಟಿದ ಮೇಲೆ ವಿಮಾನವೊಂದು ಗಂಟುಬಿತ್ತು. ಹಗಲೆಲ್ಲ ಸಾಮಿಲ್ಲಿನಲ್ಲಿ ಸಾಗವಾನಿ ಕೊಯ್ದು ರಟ್ಟೆ ಬಿದ್ದುಹೋಗಿರುತ್ತಿತ್ತು. ಅಷ್ಟು ಸಾಲದೆಂಬಂತೆ ಸಂಜೆಗೆ ಕೋಗಿಲಬನದ ಶೆಡ್ಡಿಗೆ ನಡೆಯಬೇಕು. ಮುಂಬಯಿಯಲ್ಲಿ ವಿಮಾನ ಹಾರಿಸುವುದನ್ನು ಕಲಿತು ಬಂದ ಇಂಜಿನಿಯರು ಬಸಲಿಂಗಯ್ಯ ಸಾಹೇಬರು ಅಲ್ಲಿ ನಕ್ಷೆ ಹರವಿಕೊಂಡು, ಒಬ್ಬರೇ ಕೂರುವ ಕಟ್ಟಿಗೆಯ ವಿಮಾನ ಕಟ್ಟಿಸುತ್ತಿದ್ದರು. ದೊಡ್ಡವರ ಹುಚ್ಚಿಗೆ ಬಡವನ ಬೆನ್ನು, ಇನ್ನೇನು!

ರೆಕ್ಕೆ, ಬಾಲ ಎಲ್ಲ ಒಂದೇ ಸಲಕ್ಕೆ ಕೂತವು. ಕಾಡಿದ್ದು ಸೀಟು. ಸಾಹೇಬರು ಗಿಡ್ಡ ಆಳು. ಸೀಟು ಹಿಂದಿಟ್ಟರೆ ಕಾಲು ಪೆಡಲಿಗೆ ನಿಲುಕದು. ಮುಂದಿಟ್ಟರೆ ತೊಡೆಗಳ ನಡುವೆ ನಿಂತ ಕೋಲನ್ನು ಹಿಂದಕ್ಕೆಳೆಯಲು ಜಾಗವಿಲ್ಲ. ಇಳಿಯುವಾಗ ಆ ಕೋಲನ್ನು ಪೂರಾ ಎಳೆದರೇನೇ ವಿಮಾನದ ಮೂತಿ ಮೇಲೇಳುವುದು. ಎಳೆಯಲು ಬರದಿದ್ದರೆ ಮೂತಿ ನೆಲಕ್ಕೆ ಬಡಿಯುತ್ತದೆ, ಒಳಗೆ ಕೂತವರ ಕಥೆ ಮುಗಿಯುತ್ತದೆ. ೧೯೬೨ರ ಚಳಿಗಾಲದೊಳಗೆ ಐದು ಸಲ ಸೀಟು ಬಿಚ್ಚಿ, ಐದು ಸಲ ಕೂಡಿಸಿ ಸೋಮಪ್ಪ ರೋಸಿಹೋಗಿದ್ದ.

ಐದನೆಯ ಸಲ ಸಾಹೇಬರು ಊರಲ್ಲಿರಲಿಲ್ಲ. ತಾನೇ ಹತ್ತಿ ಕೂತು ಕೋಲೆಳೆದ. ಇನ್ನೆರಡು ಬೆರಳು ಬರಬೇಕು ಎನ್ನುವಾಗ ಅದು ಮಡಿಲಲ್ಲಿ ಗುಪ್ಪೆಯಾಗಿದ್ದ ಧೋತರದ ನಿರಿಗೆಗೆ ತಾಗಿ ನಿಂತಿತು. 'ಸಾಹೇಬ್ರು ಪ್ಯಾಂಟು ಹಾಕ್ತಾರ, ಅವರಿಗೆಲ್ಲಿ ನಿರಿಗಿ' ಎಂದುಕೊಂಡು ಸ್ಕ್ರೂ ಬಿಗಿದ. ಸೀಟು ಸರಿಯಾಯಿತೆಂದು ಹೇಳಿಕಳಿಸಿದ. ನಿಜ ಹೇಳಬೇಕೆಂದರೆ ಅವನಿಗೆ ಸಾಕಾಗಿತ್ತು. ಮನೆಗೆ ಹೋಗಿ ಕಾಲು ಚಾಚಬೇಕಿತ್ತು.

ಸುದ್ದಿ ಸಿಕ್ಕಿದ್ದೇ ಸಾಹೇಬರು ಓಡಿಬಂದರು. ಒಮ್ಮೆ ಕೂತು ನೋಡುವಷ್ಟೂ ತಾಳ್ಮೆಯಿಲ್ಲದೆ ಶನಿವಾರ ವಿಮಾನವನ್ನು ಲಾರಿಗೆ ಹೇರಿಸಿ, ಹಳಿಯಾಳದ ದಾರಿಯಲ್ಲಿರುವ ಸಾಂಬ್ರಾಣಿ ಊರಿನ ಬಯಲಿಗೆ ಸಾಗಿಸಿದರು. ಮರುದಿನ ಹಾರುವುದೇ ಸೈ.

ಆ ಭಾನುವಾರ ಬೆಳಿಗ್ಗೆ ಧೋತರ ಉಡುತ್ತ ಸೋಮಪ್ಪ ಹೆಂಡತಿ ತಾಯವ್ವನಿಗೆ ನಿರಿಗೆಯ ಸಂಗತಿ ನಗುನಗುತ್ತ ಹೇಳಿದ. ರೊಟ್ಟಿ ಬಡಿಯುತ್ತಿದ್ದ ಅವಳ ಕೈ ನಿಂತಿತು.

"ನಿರಿಗಿ ಇಲ್ಲ, ಖರೆ. ಅವರ ಹೊಟ್ಟಿ ಎಲ್ಲಿ ಇಟ್ಟೀರಿ?"

ಸೋಮಪ್ಪ ನಿರಿಗೆಯನ್ನು ಅರ್ಧಕ್ಕೇ ಸಿಕ್ಕಿಸಿಕೊಂಡ. ತನ್ನಂಥ ಒಣಕಲನಿಗೇ ಎರಡು ಬೆರಳು ಸಾಲದಿದ್ದರೆ, ಸಾಹೇಬರ ಡೊಳ್ಳು ಹೊಟ್ಟೆಗೆ? ರೊಟ್ಟಿಗೂ ಕಾಯದೆ ಓಡಿದವನು ಹಳಿಯಾಳಕ್ಕೆ ಹೊರಟಿದ್ದ ಕಟ್ಟಿಗೆ ಲಾರಿ ಹತ್ತಿದ. ದಾರಿಯುದ್ದಕ್ಕೂ ತನ್ನನ್ನು ತಾನೇ ಬೈದುಕೊಂಡ.

ಬಯಲಿನಲ್ಲಿ ಊರ ಮಂದಿಯೆಲ್ಲ ನೆರೆದಿತ್ತು. ಸಾಹೇಬರು ಆಗಲೇ ಒಳಗೆ ಕೂತು ಪಟ್ಟಿ ಬಿಗಿದುಕೊಂಡಿದ್ದರು.

"ಇಳೀರಿ ಸಾಹೇಬ್ರ! ಕೋಲು ಪೂರಾ ಬರೂದಿಲ್ಲ. ಸರಿ ಐತಿ ಅಂತ ನಾ ಸುಳ್ಳು ಹೇಳೇನಿ."

"ತಲಿಗಿಲಿ ಕೆಟ್ಟೈತೇನ ನಿನಗ?" ಸಾಹೇಬರಿಗೆ ಸಿಟ್ಟು ನೆತ್ತಿಗೇರಿತು. ಅಷ್ಟು ಜನರೆದುರಿಗೆ ಇಳಿಯುವುದೆಂದರೆ ಮರ್ಯಾದೆಯ ಪ್ರಶ್ನೆ. ಹೊಟ್ಟೆಯನ್ನು ಒಳಗೆಳೆದುಕೊಂಡು ಹಟದಿಂದ ಕೋಲೆಳೆದರು. ಅದು ಕೊನೆತನಕ ಬಂತು. "ಬಂತಿಲ್ಲೋ! ಕಣ್ಣ ತೆರದ ನೋಡು."

ಮಂದಿ ಸೋಮಪ್ಪನನ್ನು ನೋಡಿ ನಕ್ಕರು. ಸುಮ್ಮನೆ ಹೊರಟುಬಿಡಲೇ ಅನ್ನಿಸಿತು ಅವನಿಗೆ, ಅಷ್ಟು ದಣಿದಿದ್ದ. ಆದರೆ ಸಾಹೇಬರ ಮುಖ ಕೆಂಪಗಾಗುತ್ತಿತ್ತು.

"ಈಗ ಉಸಿರು ಬಿಡ್ರಿ," ಎಂದ.

ಸಾಹೇಬರು ಬಿಡಲಿಲ್ಲ. ಎಷ್ಟು ಹೊತ್ತು ಹಿಡಿದಾರು? ಕಡೆಗೆ ಭುಸ್ಸೆಂದು ಬಿಟ್ಟರು. ಹೊಟ್ಟೆ ಮುಂದೆ ಬಂತು. ಬಂದದ್ದೇ ಕೋಲನ್ನು ನಾಲ್ಕು ಬೆರಳು ಮುಂದಕ್ಕೆ ತಳ್ಳಿಬಿಟ್ಟಿತು. ಈಗ ಯಾರೂ ನಗಲಿಲ್ಲ.

ಸಾಹೇಬರು ಇನ್ನೊಮ್ಮೆ ಕೋಲೆಳೆದರು, ಅದು ಹೊಟ್ಟೆಗೆ ತಾಗಿ ನಿಂತಿತು. ಆಮೇಲೆ ಪಟ್ಟಿ ಬಿಚ್ಚಿ ತಗ್ಗಿದ ದನಿಯಲ್ಲಿ ಹೇಳಿದರು:

"ಕೈ ಕೊಡೊ ಸೋಮಪ್ಪ. ಇಳೀತೇನಿ."

ಸೋಮಪ್ಪ ಕೈ ಕೊಟ್ಟ. ಆ ಭಾರಕ್ಕೆ ಸೊಂಟ ಕಳಕ್ಕೆಂದಿತು. ಅವರ ಎರಡೂ ಕಾಲು ನೆಲಕ್ಕೆ ಊರುವ ತನಕ ಅವನು ಕೈ ಬಿಡಲಿಲ್ಲ.